ಗಿಣಿಪಾಠದಿಂದ ಗಡಿಯಾರದ ಕಿವಿಯವರೆಗೆ

ಊರು ಬಿಟ್ಟು ಬಂದವರ ಮಕ್ಕಳ ಕನ್ನಡದಲ್ಲಿ ಮೊದಲು ಸವೆಯುವುದು ಯಾವುದು, ಹೇಳಿ ನೋಡೋಣ? ಶಬ್ದಗಳಂತೂ ಅಲ್ಲ. ಅನ್ನ, ನೀರು, ಅಜ್ಜಿ, ಬಾ, ಹೋಗು ಎಲ್ಲ ಭದ್ರವಾಗಿಯೇ ಉಳಿಯುತ್ತವೆ. ವ್ಯಾಕರಣವೂ ಅಷ್ಟು ಬೇಗ ಹೋಗುವುದಿಲ್ಲ. ಮೊದಲು ಹೋಗುವುದು ಓರೆಮಾತು. 'ಅವನು ಕೈ ಕೊಟ್ಟ' ಅಂದರೆ ಮುಂಬಯಿಯಲ್ಲಿ ಬೆಳೆದ ನಮ್ಮ ಹುಡುಗ 'ಸಹಾಯ ಮಾಡಿದ' ಎಂದು ತಿಳಿಯುತ್ತಾನೆ. ಅವನದೇನೂ ತಪ್ಪಿಲ್ಲ ಬಿಡಿ. ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ 'ಹಾತ್ ದೇಣೆ' ಅಂದರೆ ನೆರವಾಗುವುದೇ. ನಮ್ಮಲ್ಲಿ ಕೈ 'ನೀಡಿದರೆ' ಸಹಾಯ, 'ಕೊಟ್ಟರೆ' ಮೋಸ! ಇದನ್ನು ಯಾವ ವ್ಯಾಕರಣ ಹೇಳಿಕೊಡುತ್ತದೆ?

ಸಾಹಿತ್ಯ ನನ್ನ ಕಸುಬಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ಬರೆದು, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಕನ್ನಡ ಸಂಘದ ಕೋಣೆಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಅಕ್ಷರ, ಓದು ಹೇಳಿಕೊಡುತ್ತೇನೆ. ಅಕ್ಷರ ಕಲಿಸುವುದು ಅಂಥ ಕಷ್ಟವಲ್ಲ, ಆರು ತಿಂಗಳಲ್ಲಿ ಒತ್ತಕ್ಷರದ ತನಕ ಬಂದುಬಿಡುತ್ತಾರೆ. ಆದರೆ ಒಂದನ್ನು ಹೇಳಿ ಇನ್ನೊಂದನ್ನು ತಿಳಿಸುವ ಈ ಹೋಲಿಕೆ, ರೂಪಕ, ನುಡಿಗಟ್ಟುಗಳನ್ನು ಎಂಟು ಹತ್ತು ವರ್ಷದ ಮಗುವಿಗೆ ಹೇಗೆ ಕಲಿಸುವುದು? ನಮ್ಮ ಹಿಂದಿನವರು ಹೇಗೆ ಕಲಿಸುತ್ತಿದ್ದರು? ಹುಡುಕುತ್ತ ಹೋದರೆ ಇದಕ್ಕೊಂದು ಉದ್ದನೆಯ ಚರಿತ್ರೆಯೇ ಇದೆ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ', ಸುಮಾರು ಕ್ರಿ.ಶ. 850ರದ್ದು. ಅದು ಕಥೆಯಲ್ಲ, ಪುರಾಣವಲ್ಲ. ಬರೆಯುವುದು ಹೇಗೆ, ಮಾತನ್ನು ಅಲಂಕರಿಸುವುದು ಹೇಗೆ ಎಂದು ತಿಳಿಸುವ ಪುಸ್ತಕ! ಮೂರು ಪರಿಚ್ಛೇದಗಳಲ್ಲಿ ಎರಡನೆಯದು ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ಇದನ್ನು ಬರೆಯುವಾಗ ಸಂಸ್ಕೃತದ ದಂಡಿಯ 'ಕಾವ್ಯಾದರ್ಶ'ವನ್ನು ಪಕ್ಕದಲ್ಲಿಟ್ಟುಕೊಂಡಿದ್ದ. ಆದರೆ ದಂಡಿಯಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸಿದ. ಕಾವೇರಿಯಿಂದ ಗೋದಾವರಿಯವರೆಗಿನ ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯದ ಪ್ರಯೋಗದಲ್ಲಿ ಜಾಣರು ಎಂಬರ್ಥದ ಮಾತು ಅದು. ನಾಸಿಕದ, ನಾಂದೇಡದ ಗೋದಾವರಿ ಅದೇ ತಾನೇ? ಮಹಾರಾಷ್ಟ್ರದಲ್ಲಿ ಕುಳಿತ ನಮಗೆ ಈ ಗಡಿರೇಖೆ ಓದುವಾಗ ಸ್ವಲ್ಪ ಎದೆಯುಬ್ಬುವುದು ಸಹಜ. ಅಂದ ಹಾಗೆ ಇದನ್ನು 1898ರಲ್ಲಿ ಮೊದಲು ಸಂಪಾದಿಸಿ ಅಚ್ಚಿಗೆ ತಂದವರು ಕೆ. ಬಿ. ಪಾಠಕರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಿದ್ವಾಂಸರು ಅವರು.

ಆದರೆ ಇದು ಮಕ್ಕಳಿಗಾಗಿ ಬರೆದದ್ದಲ್ಲ, ಕವಿಯಾಗಲು ಹೊರಟವರಿಗಾಗಿ ಬರೆದದ್ದು. ಆಮೇಲೆ ಬಂದ 12ನೇ ಶತಮಾನದ ನಾಗವರ್ಮನ 'ಕಾವ್ಯಾವಲೋಕನ'ವೂ ಹಾಗೆಯೇ. 17ನೇ ಶತಮಾನದ ಕೊನೆಯಲ್ಲಿ ತಿರುಮಲಾರ್ಯ 'ಅಪ್ರತಿಮವೀರಚರಿತೆ' ಬರೆದ. ಅದರಲ್ಲಿ ಅಲಂಕಾರಗಳ ಉದಾಹರಣೆಗಳೆಲ್ಲ ಅವನ ಒಡೆಯ ಚಿಕ್ಕದೇವರಾಜನ ಹೊಗಳಿಕೆ! ಉಪಮೆಗೂ ಅವನೇ, ರೂಪಕಕ್ಕೂ ಅವನೇ. ಮೇಲಧಿಕಾರಿಯನ್ನು ಮೆಚ್ಚಿಸುವ ಕಲೆ ನಮ್ಮ ಬ್ಯಾಂಕುಗಳಲ್ಲಿ ಹುಟ್ಟಿದ್ದೇನೂ ಅಲ್ಲ ಎಂದು ಇದನ್ನು ಓದಿದಾಗ ಸಮಾಧಾನವಾಯಿತು.

'ಮಕ್ಕಳಿಗೆ' ಎಂದು ಬಾಯಿಬಿಟ್ಟು ಹೇಳಿ ಬರೆದ ಪುಸ್ತಕ ಸಂಸ್ಕೃತದಲ್ಲಿದೆ. 16ನೇ ಶತಮಾನದ ಅಪ್ಪಯ್ಯ ದೀಕ್ಷಿತರ 'ಕುವಲಯಾನಂದ'. ಬಾಲಕರು ಅಲಂಕಾರಗಳೊಳಗೆ ಸಲೀಸಾಗಿ ಇಳಿಯಲಿ ಎಂದು ಈ ಸಂಗ್ರಹ ಮಾಡುತ್ತಿದ್ದೇನೆ ಎಂದು ಅವರು ಆರಂಭದಲ್ಲೇ ಹೇಳುತ್ತಾರೆ. ಇಲ್ಲಿ 'ಬಾಲ' ಅಂದರೆ ಚಡ್ಡಿ ಹಾಕಿದ ಹುಡುಗನಲ್ಲ, ಆ ಶಾಸ್ತ್ರಕ್ಕೆ ಹೊಸಬ. ವ್ಯಾಕರಣ ಗೀಕರಣ ಎಲ್ಲ ಓದಿ ಮುಗಿಸಿದ ಇಪ್ಪತ್ತು ವರ್ಷದವನೂ ಬಾಲನೇ. ಜಯದೇವನೆಂಬವನ 'ಚಂದ್ರಾಲೋಕ' ಈ ಪುಸ್ತಕಕ್ಕೆ ಆಧಾರ. ('ಗೀತಗೋವಿಂದ'ದ ಜಯದೇವ ಅಲ್ಲ, ಇನ್ನೊಬ್ಬ.) ಅದರ ಉಪಾಯ ಬಹಳ ಸೊಗಸಾದದ್ದು: ಒಂದೇ ಶ್ಲೋಕ, ಮೊದಲರ್ಧದಲ್ಲಿ ಲಕ್ಷಣ, ಉಳಿದರ್ಧದಲ್ಲಿ ಉದಾಹರಣೆ. ಬಾಯಿಪಾಠ ಮಾಡಿದರೆ ಎರಡೂ ಒಟ್ಟಿಗೆ ಕಿಸೆಯಲ್ಲಿ. ಹೀಗೆ ನೂರಕ್ಕೂ ಹೆಚ್ಚು ಅಲಂಕಾರಗಳು.

ನೀವು ಕನ್ನಡ ಹೈಸ್ಕೂಲಿನಲ್ಲಿ ಓದಿದವರಾದರೆ ಈ ಅಚ್ಚು ನಿಮಗೆ ಪರಿಚಿತ. ಅಲಂಕಾರ ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ, ಮೂರು ಅಂಕ. ಉಪಮೇಯ ಮುಖ, ಉಪಮಾನ ಕಮಲ, ವಾಚಕ ಪದ 'ಅಂತೆ', ಸಮಾನ ಧರ್ಮ ಅರಳುವುದು. ನಾಲ್ಕು ಸಾಲಿನ ಪಟ್ಟಿ. ಬ್ಯಾಲೆನ್ಸ್ ಶೀಟಿನ ಹಾಗೆ ಎರಡೂ ಕಡೆ ಕೂಡಿಬಂದರೆ ಅಂಕ ಖಂಡಿತ. ನನಗಂತೂ ಆ ಮೂರು ಅಂಕ ಯಾವತ್ತೂ ತಪ್ಪಿದ್ದಿಲ್ಲ, ಬಹುಶಃ ಕಾಮರ್ಸಿಗೆ ಹೋಗುವ ಲಕ್ಷಣ ಆಗಲೇ ಇತ್ತು. ಪಂಡಿತರ ವಿದ್ಯೆಗೆಂದು ಕಡೆದ ಅಚ್ಚು ಕೊನೆಗೆ ಹದಿನಾಲ್ಕು ಹದಿನೈದರ ಹುಡುಗರ ಕೈಗೆ ಬಂತು. ಎಂಟು ವರ್ಷದ ಮಗುವಿಗೆ ಅದು ಆಗುವುದಿಲ್ಲ. ಹಾಗಾದರೆ ಎಂಟು ವರ್ಷದ ಮಗು ಏನು ಓದುತ್ತಿತ್ತು?

ಇದಕ್ಕೆ ಒಂದು ಅಪರೂಪದ ಸಾಕ್ಷಿ ಇದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಊರಿನ ಶಾಲೆಗಳೆಷ್ಟು, ಮಕ್ಕಳೆಷ್ಟು ಎಂದು ಲೆಕ್ಕ ಕೇಳಿದ. ಹೆಚ್ಚಿನ ಕಲೆಕ್ಟರುಗಳು ಅಂಕಿ ಅಂಶದ ಪಟ್ಟಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್ 17ರಂದು ಒಂದು ದೀರ್ಘ ವರದಿಯನ್ನೇ ಬರೆದ. ಈತ 1816ರಲ್ಲಿ ತೆಲುಗು ವ್ಯಾಕರಣ ಬರೆದವನು, ಭಾಷೆಯ ಮೇಲೆ ಕಣ್ಣಿದ್ದವನು. ಆಗಿನ ಬಳ್ಳಾರಿ ಜಿಲ್ಲೆ ಅಂದರೆ ಅನಂತಪುರವೂ ಸೇರಿದ್ದು. ಜನಸಂಖ್ಯೆ 9,27,857. ಶಾಲೆ 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳು, ಮತ್ತೊಂದೇ ಒಂದು ಇಂಗ್ಲಿಷು. ಓದುವ ಮಕ್ಕಳು ಒಟ್ಟು 6,641. ಅಂದರೆ ಸಾವಿರ ಜನರಿಗೆ ಸುಮಾರು ಏಳು ಮಕ್ಕಳು, ಅಷ್ಟೇ. ಅವರಲ್ಲಿ ಹುಡುಗಿಯರು ಅರವತ್ತೇ ಅರವತ್ತು.

ಆ ವರದಿ ಓದಿದರೆ ಐಗಳ ಮಠ ಕಣ್ಣಿಗೆ ಕಟ್ಟುತ್ತದೆ. ಐದನೇ ವರ್ಷಕ್ಕೆ ಗಣಪತಿಯ ಪೂಜೆ ಮಾಡಿ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುವುದು. ಬೆಳಗಿನ ಆರಕ್ಕೇ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು... ಹೀಗೆ ಏರುತ್ತ ಹೋಗುತ್ತದೆ. ಆ ಸೊನ್ನೆಯನ್ನು ನೋಡಿ! ಅಂಗೈ ಮೇಲಿನ ಒಂದು ಗುರುತಿನಲ್ಲಿ 'ನೀನು ನಡುವಿನವನು' ಎಂದು ಹೇಳುವುದೂ ಒಂದು ರೂಪಕವೇ ಅಲ್ಲವೇ? ಮೊದಲ ಪೀರಿಯಡ್ಡು ಅಲ್ಲೇ ಮುಗಿಯುತ್ತಿತ್ತು ಅನ್ನಿ.

ಓದುವ ಪುಸ್ತಕಗಳ ಹೆಸರೂ ಇವೆ. ರಾಮಾಯಣ, ಮಹಾಭಾರತ, ಭಾಗವತ ಎಲ್ಲೆಡೆ. ಲಿಂಗವಂತರ ಮಕ್ಕಳಿಗೆ ಗಿರಿಜಾಕಲ್ಯಾಣ, ಚೆನ್ನಬಸವಪುರಾಣ, ರಾಘವಾಂಕನ ಕಾವ್ಯ. ಹಗುರ ಓದಿಗೆ ಪಂಚತಂತ್ರ, ಬೇತಾಳ ಪಂಚವಿಂಶತಿ. ಹರಿಹರನ 'ಗಿರಿಜಾಕಲ್ಯಾಣ' ಚಂಪೂಕಾವ್ಯ. ವರ್ಣನೆಯ ಮೇಲೆ ವರ್ಣನೆ, ಉಪಮೆಯ ಮೇಲೆ ಉತ್ಪ್ರೇಕ್ಷೆ. ಇವತ್ತು ಕನ್ನಡ ಎಂ.ಎ. ಮಕ್ಕಳು ಅರ್ಥಕೋಶ ಇಟ್ಟುಕೊಂಡು ಓದುವಂಥದ್ದನ್ನು ಹತ್ತು ವರ್ಷದ ಪೋರರು ಗಟ್ಟಿಯಾಗಿ ಹಾಡುತ್ತಿದ್ದರು. ಅರ್ಥ? ಕ್ಯಾಂಪ್‌ಬೆಲ್ಲನ ದೊಡ್ಡ ದೂರೇ ಅದು. ಕಾವ್ಯದ ಭಾಷೆಯೇ ಬೇರೆ, ಆಡುವ ಭಾಷೆಯೇ ಬೇರೆ, ಕಲಿಸುವ ಐಗಳಿಗೇ ಅರ್ಥ ತಿಳಿಯದು, ಅರ್ಥ ತಿಳಿಸುವ ಅಮರ, ನಿಘಂಟು, ಶಬ್ದಮಣಿದರ್ಪಣಗಳನ್ನು ಕೊಳ್ಳಲು ಬಡ ಮೇಷ್ಟ್ರ ಹತ್ತಿರ ಕಾಸಿಲ್ಲ. ಹೀಗಾಗಿ ಪ್ರತಿಯೊಬ್ಬ ಹುಡುಗನೂ ಪದ್ಯಗಳನ್ನು ರಾಶಿರಾಶಿಯಾಗಿ ಒಪ್ಪಿಸುತ್ತಾನೆ, ಅದರ ಅರ್ಥದ ವಿಷಯದಲ್ಲಿ ಮಾತು ಕಲಿಸಿದ ಗಿಳಿಗಿಂತ ಹೆಚ್ಚೇನೂ ತಿಳಿದವನಲ್ಲ, ಎನ್ನುತ್ತಾನೆ.

ಮಕ್ಕಳಿಗೆ ಉಪಮೆಯ ಅರ್ಥ ಆಗುವುದಿಲ್ಲ ಎಂದು ಹೇಳಲು ಸಾಹೇಬನಿಗೂ ಒಂದು ಉಪಮೆ ಬೇಕಾಯಿತು! ನಮ್ಮಲ್ಲೂ ಅದೇ ಗಿಣಿ, ಅದೇ 'ಗಿಣಿಪಾಠ'.

ಈ ದೂರಿನಲ್ಲಿ ಸತ್ಯವಿದೆ. ಆದರೂ ಅದನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಬಾಯಿಪಾಠ ಒಂದು ಬಗೆಯ ಫಿಕ್ಸೆಡ್ ಡಿಪಾಸಿಟ್. ಇಟ್ಟ ದಿನ ಕೈಗೆ ಏನೂ ಬರುವುದಿಲ್ಲ. ಹತ್ತು ವರ್ಷಕ್ಕೆ ಕಲಿತ ಸಾಲು ಮೂವತ್ತಕ್ಕೆ, ಮನೆಯಲ್ಲೊಂದು ಸಾವೋ ಮದುವೆಯೋ ಆದಾಗ, ತಟ್ಟನೆ ಅರ್ಥ ಬಿಟ್ಟುಕೊಡುತ್ತದೆ. ನಮ್ಮೂರಿನಲ್ಲಿ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು, ತಾಳಮದ್ದಳೆಯ ಪ್ರಸಂಗದ ಪದ್ಯಗಳನ್ನು ಹೇಳುತ್ತ ಅದಕ್ಕೆ ಹೊಸ ಹೊಸ ಅರ್ಥ ಹುಟ್ಟಿಸುತ್ತಿದ್ದ ಹಿರಿಯರನ್ನು ನೋಡಿ ಬೆಳೆದವನು ನಾನು. ಅವರನ್ನು ಗಿಣಿ ಎನ್ನಲು ನಾಲಿಗೆ ಬರುವುದಿಲ್ಲ. ಆದರೆ ಡಿಪಾಸಿಟ್ ಇಡಲು ಕೈಯಲ್ಲಿ ಏನಾದರೂ ಇರಬೇಕಲ್ಲ? ಸಾವಿರಕ್ಕೆ ಸುಮಾರು ಏಳೇ ಮಕ್ಕಳಿಗೆ ಸಿಕ್ಕಿದ್ದ ಭಾಗ್ಯ ಅದು. ಇದನ್ನು ಮರೆತು ಹಳೆಯ ಮಠಗಳನ್ನು ಸುಮ್ಮನೆ ಹೊಗಳುವುದೂ ನ್ಯಾಯವಲ್ಲ.

ಈ ವರದಿಗಳಿಗೆ ಮುಂದೆ ಇನ್ನೊಂದು ರೂಪಕ ಅಂಟಿಕೊಂಡಿತು. 1931ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ಗಾಂಧೀಜಿ ಮಾತಾಡುತ್ತ, ಬ್ರಿಟಿಷರು ನಮ್ಮ ಶಿಕ್ಷಣವೆಂಬ ಮರದ ಬುಡ ಕೆದಕಿ ಬೇರು ನೋಡಿದರು, ಹಾಗೆಯೇ ಬಿಟ್ಟರು, ಸುಂದರವಾದ ಮರ ಒಣಗಿತು ಎಂಬರ್ಥದಲ್ಲಿ ಹೇಳಿದರು. ಫಿಲಿಪ್ ಹಾರ್ಟಾಗ್ ಎಂಬ ಶಿಕ್ಷಣತಜ್ಞ, ಇದಕ್ಕೆ ಲೆಕ್ಕ ಕೊಡಿ ಎಂದು ವರ್ಷಗಟ್ಟಲೆ ಜಗಳ ಕಾದ. ಕೊನೆಗೆ ಧರಂಪಾಲರು ಈ ಹಳೆಯ ವರದಿಗಳನ್ನೆಲ್ಲ ದಫ್ತರಗಳಿಂದ ಹೊರತೆಗೆದು 1983ರಲ್ಲಿ ಪುಸ್ತಕ ಮಾಡಿದಾಗ ಅದಕ್ಕಿಟ್ಟ ಹೆಸರು 'ದಿ ಬ್ಯೂಟಿಫುಲ್ ಟ್ರೀ'. ಅಂಕಿಗಳು ಮರೆತುಹೋದವು, ಮರ ಉಳಿಯಿತು. ದಿನವಿಡೀ ಅಂಕಿಗಳ ನಡುವೆ ಬದುಕುವ ನನಗೆ ಇದು ಸ್ವಲ್ಪ ಬೇಸರದ ಸಂಗತಿಯೇ!

ಇರಲಿ. ಶಾಲೆಗೆ ಹೋಗದ ಉಳಿದ ಒಂಬೈನೂರ ತೊಂಬತ್ಮೂರು ಜನ ಓರೆಮಾತು ಕಲಿಯಲಿಲ್ಲವೇ? ಕಲಿತರು, ಬಹುಶಃ ಇನ್ನೂ ಚೆನ್ನಾಗಿ. ಒಗಟು, ಗಾದೆ, ಬೀಸುವ ಕಲ್ಲಿನ ಪದ. ಒಗಟು ಅಂದರೆ ಉಪಮೇಯವನ್ನು ಬಚ್ಚಿಟ್ಟ ರೂಪಕ. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ ಎಂದು ಅಜ್ಜಿ ಹೇಳಿ ಸುಮ್ಮನಾಗುತ್ತಾಳೆ, ಮಲ್ಲಿಗೆಯನ್ನು ಹುಡುಕುವ ಕೆಲಸ ಮಗುವಿನದು. ದಂಡಿಯೂ ಒಗಟನ್ನು ಬಿಟ್ಟಿಲ್ಲ, ಪ್ರಹೇಲಿಕೆ ಎಂದು ಹದಿನಾರು ಬಗೆ ಮಾಡಿ ವಿಂಗಡಿಸಿದ್ದಾನೆ. ಅಜ್ಜಿಗೆ ಆ ಹದಿನಾರರಲ್ಲಿ ಒಂದರ ಹೆಸರೂ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಸರ್ವಜ್ಞನ ತ್ರಿಪದಿಗಳೂ ಇದೇ ಬಯಲು ಶಾಲೆಯವು. ಸಾಲದ ಮೇಲಿನ ಅವನ ತ್ರಿಪದಿ ನಿಮಗೆಲ್ಲ ಗೊತ್ತು. ತರುವಾಗಿನ ಸುಖಕ್ಕೆ ಊಟದ ಹೋಲಿಕೆ, ತಗಾದೆಯ ಸಂಕಟಕ್ಕೆ ಮೂಳೆ ಮುರಿತದ ಹೋಲಿಕೆ. ಮೂರು ಸಾಲಿನಲ್ಲಿ ಎರಡು ಉಪಮೆ. ನಮ್ಮ ವಸೂಲಿ ವಿಭಾಗದವರು ಗೋಡೆಗೆ ತೂಗುಹಾಕಬೇಕಾದದ್ದು!

19ನೇ ಶತಮಾನದ ನಡುವಿನಲ್ಲಿ ಸರಕಾರಿ ಶಾಲೆ ಬಂತು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆ ಮೊದಲಿಗೆ ಮರಾಠಿಯದೇ ಜೋರು. ಅಲ್ಲಿ ಕನ್ನಡವನ್ನು ಶಾಲೆಯೊಳಗೆ ತರಲು ಹೆಣಗಿದವರಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರ (1834-1881) ಹೆಸರು ದೊಡ್ಡದು. ಅಚ್ಚಾದ ಓದುಪುಸ್ತಕ ಬಂತು, ಪರೀಕ್ಷೆ ಬಂತು, ಗಾದೆಯೂ ಬಯಲಿನಿಂದ ಎದ್ದು ಪ್ರಶ್ನೆಪತ್ರಿಕೆಯೊಳಗೆ ಬಂದು ಕುಳಿತಿತು. 'ಗಾದೆಯನ್ನು ವಿಸ್ತರಿಸಿ ಬರೆಯಿರಿ.' ನಾವೆಲ್ಲ ಏನು ಬರೆಯುತ್ತಿದ್ದೆವು? ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು... ಯಾವ ಗಾದೆ ಕೊಟ್ಟರೂ ಮೊದಲ ನಾಲ್ಕು ಸಾಲು ಅದೇ. ಕ್ಯಾಂಪ್‌ಬೆಲ್ಲನ ಗಿಣಿ ಹೊಸ ಪಂಜರಕ್ಕೆ ಬಂದಿತ್ತು.

ಪಂಜರದ ಬಾಗಿಲು ತೆರೆದವರು ಪಂಜೆ ಮಂಗೇಶರಾಯರು (1874-1937). ಇದು ನನ್ನ ಅಭಿಪ್ರಾಯ, ವಿದ್ವಾಂಸರು ಬೇರೆ ಹೆಸರು ಹೇಳಬಹುದು. ಬಂಟ್ವಾಳದಲ್ಲಿ ಹುಟ್ಟಿ, ಮೇಷ್ಟರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದಕ್ಷಿಣ ಕನ್ನಡ, ಕೊಡಗು ಸುತ್ತಿದವರು. ಮಂಗಳೂರಿನಲ್ಲಿ 1921ರಲ್ಲಿ ಗೆಳೆಯರೊಡನೆ ಬಾಲ ಸಾಹಿತ್ಯ ಮಂಡಲ ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೊನೆಯುಸಿರೆಳೆದದ್ದು ಹೈದರಾಬಾದಿನಲ್ಲಿ, ನಮ್ಮ ಹಾಗೆಯೇ ಊರಿನಿಂದ ದೂರ.

ಅವರ 'ಉದಯರಾಗ' ನಮ್ಮ ಪೀಳಿಗೆಗೆ ಬಾಯಿಪಾಠ. ಸೂರ್ಯೋದಯದ ಪದ್ಯ ಎಂದು ಓದಿ ಮರೆತಿದ್ದೆವು. ನಲವತ್ತು ದಾಟಿದ ಮೇಲೆ ಮತ್ತೆ ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಅಲ್ಲಿ ಸೂರ್ಯ ಏನೇನು ಮಾಡುತ್ತಾನೆ ನೋಡಿ. ಕತ್ತಲೆಯ ಜೊತೆ ಜಗಳಕ್ಕೆ ಬೀಳುತ್ತಾನೆ. ಮೂಡಣ ದಿಕ್ಕು ಅವನಿಗೆ ರಂಗಸ್ಥಳ. ಅಲ್ಲಿ ನೆತ್ತರು ಹರಿಸಿ ಕುಣಿಯುತ್ತಾನೆ. ತಲೆಗೆ ಬಿಸಿಲಿನ ಚಿನ್ನದ ಕಿರೀಟ. ತೆಂಗು ಕಂಗುಗಳ ಮೈಗೆ ಬಣ್ಣ ಬಳಿಯುತ್ತಾನೆ. ರಂಗಸ್ಥಳ, ಯುದ್ಧ, ಕುಣಿತ, ಕಿರೀಟ, ಬಣ್ಣ... ಇದು ಯಕ್ಷಗಾನ ಮಾರಾಯರೇ! ರಾತ್ರಿಯಿಡೀ ಗದ್ದೆಯಲ್ಲಿ ಬಯಲಾಟ ನೋಡಿ, ಬೆಳಗಿನ ಜಾವ ರಾಕ್ಷಸನ ವಧೆಯಾಗುವ ಹೊತ್ತಿಗೆ ಪೂರ್ವ ಕೆಂಪಾಗುವುದನ್ನು ಕಂಡ ಕರಾವಳಿಯ ಮಗುವಿಗೆ ಈ ಪದ್ಯಕ್ಕೆ ಟಿಪ್ಪಣಿ ಬೇಕಿಲ್ಲ. ಲಕ್ಷಣ, ಸಮನ್ವಯ ಒಂದೂ ಬೇಕಿಲ್ಲ. ಇಷ್ಟು ಸಾಲದೆಂಬಂತೆ ಇನ್ನೊಂದು ಇದೆ. ಮೇಲೇರಿದ ಸೂರ್ಯ ಸಣ್ಣಗೆ ಕಾಣುತ್ತಾನಲ್ಲ, ಅದಕ್ಕೆ ಪಂಜೆಯವರು ಕಾರಣ ಕೊಡುತ್ತಾರೆ: ಮೇಲೆ ಹೋದವನು ಸಣ್ಣವನಾಗಿರಬೇಕು ಎಂದು ಅವನು ಸಾರುತ್ತಿದ್ದಾನಂತೆ. ಹೈಸ್ಕೂಲಿನಲ್ಲಿ ಅರ್ಥಾಂತರನ್ಯಾಸ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ ಸರಕು. ಮಗು ಅದನ್ನು ಕುಣಿಯುತ್ತ ಹೇಳುತ್ತದೆ.

ಉಪಮಾನ ಪ್ರಸಿದ್ಧವಾಗಿರಬೇಕು ಎಂದು ಹಳೆಯ ಶಾಸ್ತ್ರಕಾರರು ಹೇಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿರುವುದರಿಂದ ತೋರಿಸಬೇಕು, ಇಷ್ಟೇ ಅದರ ಗುಟ್ಟು. ಆದರೆ ಯಾರಿಗೆ ಪ್ರಸಿದ್ಧ? ಪಂಜೆಯವರು ಆ ಪ್ರಶ್ನೆಗೆ 'ಎದುರು ಕುಳಿತ ಮಗುವಿಗೆ' ಎಂದು ಉತ್ತರ ಕೊಟ್ಟರು. ಅವರ ಮಹತ್ವ ನನಗೆ ಕಾಣುವುದು ಅಲ್ಲಿ.

ಇದೇ ಗುಟ್ಟು ಗೊತ್ತಿದ್ದ ಇನ್ನೊಬ್ಬರು ನಮ್ಮ ಮುಂಬಯಿಯವರೇ ಅನ್ನಬಹುದು, ದಿನಕರ ದೇಸಾಯಿ (1909-1982). ಅಂಕೋಲೆಯ ಕಡೆಯವರು. ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ನೆಲೆಸಿ ಹಡಗಿನ ಕೆಲಸಗಾರರ ಸಂಘಟನೆಗೆ ದುಡಿದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಉತ್ತರ ಕನ್ನಡದಲ್ಲಿ ಶಾಲೆಗಳನ್ನು ತೆರೆದರು, 1967ರಲ್ಲಿ ಲೋಕಸಭೆಗೂ ಹೋದರು. ಜನ ಅವರನ್ನು ಚುಟುಕಗಳಿಂದ ನೆನೆಯುತ್ತಾರೆ. ನನಗೆ ಅವರ ಗಡಿಯಾರದ ಪದ್ಯ ಹೆಚ್ಚು. ಅದರಲ್ಲಿ ಗಡಿಯಾರ ಒಬ್ಬ ಗೆಳೆಯ, ಗಂಟೆಗೆ ನೆಂಟ. ಹಗಲು ರಾತ್ರಿ ಎನ್ನದೆ ದುಡಿ ದುಡಿಯುವ ಆಳು. ಅವನ ಊಟ ಯಾವುದು? ಕಿವಿ ಹಿಂಡಿಸಿಕೊಳ್ಳುವುದೇ ಅವನ ಕೂಳು!

ಮೂರನೇ ಕ್ಲಾಸಿನ ಮಗು ನಗುತ್ತದೆ, ಏಕೆಂದರೆ ಕಿವಿ ಹಿಂಡುವುದು ಅದಕ್ಕೆ ಚೆನ್ನಾಗಿ ಗೊತ್ತಿರುವ ಶಿಕ್ಷೆ. ಆದರೆ ಈ ಸಾಲು ಬರೆದವರು ಕಾರ್ಮಿಕ ನಾಯಕ ಎಂದು ನೆನೆಸಿಕೊಳ್ಳಿ. ಪಾಳಿಯ ಮೇಲೆ ಪಾಳಿ ದುಡಿಯುವವನು, ಬೈಸಿಕೊಳ್ಳುವುದೇ ಕೂಲಿಯಾದವನು ಯಾರು? ಗಿರಣಿ, ಬಂದರು, ಹೋಟೆಲುಗಳ ಈ ಊರಿನಲ್ಲಿ ಅಂಥ ಆಳುಗಳನ್ನು ಅವರು ದಿನವೂ ನೋಡುತ್ತಿದ್ದರು. ನಮ್ಮ ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಮೆಟ್ರಿಕ್ ಮಾಡಿದ ಹುಡುಗರು ಎಷ್ಟು ಮಂದಿ! ಅವರಲ್ಲಿ ಕೆಲವರು ನನ್ನ ಬ್ಯಾಂಕಿಗೆ ಬಂದು ಠೇವಣಿ ಇಡುವಷ್ಟು ಬೆಳೆದದ್ದನ್ನು ಕಂಡಿದ್ದೇನೆ. ಪದ್ಯ ಬರೆಯುವಾಗ ದೇಸಾಯಿಯವರ ಮನಸ್ಸಿನಲ್ಲಿ ಇದೆಲ್ಲ ಇತ್ತೆಂದು ನಾನು ಸಾಧಿಸಲಾರೆ. ಆದರೆ ಪದ್ಯದಲ್ಲಂತೂ ಇದೆ.

ಕಷ್ಟ ಇರುವುದು ಮುಂದೆ. ಇವತ್ತಿನ ಮಗು ಗಡಿಯಾರಕ್ಕೆ ಕೀಲಿ ಕೊಡುವುದನ್ನು ನೋಡಿಲ್ಲ. ಸೆಲ್ ಹಾಕಿದರೆ ಓಡುತ್ತದೆ, ಈಗ ಅದೂ ಇಲ್ಲ, ಫೋನಿನಲ್ಲೇ ಗಂಟೆ. ಕಿವಿ ಎಲ್ಲಿದೆ ಅಂಕಲ್, ಎಂದು ಕೇಳುತ್ತಾರೆ. ರಂಗಸ್ಥಳವೂ ಹಾಗೆಯೇ. ಕಮಲವನ್ನಂತೂ ಅವರು ನೋಡಿರುವುದು ಚುನಾವಣೆಯ ಪೋಸ್ಟರಿನಲ್ಲಿ. ಉಪಮೇಯ ಎಲ್ಲ ಇದ್ದಲ್ಲೇ ಇದೆ, ಸೂರ್ಯ ಇದ್ದಾನೆ, ಮುಖ ಇದೆ, ದುಡಿಮೆ ಇದೆ. ಕಳೆದುಹೋದದ್ದು ಉಪಮಾನ. ಇದು ಹೊರನಾಡಿನವರ ಪಾಡು ಮಾತ್ರವಲ್ಲ ಎಂದು ಬೆಂಗಳೂರಿನ ನನ್ನ ತಂಗಿ ಹೇಳುತ್ತಾಳೆ, ಇರಬಹುದು. ನಮಗೆ ಸ್ವಲ್ಪ ಮೊದಲೇ ಬಂತು, ಅಷ್ಟೆ.

ಮಹಾರಾಷ್ಟ್ರದಲ್ಲಿ ಇದಕ್ಕೊಂದು ಏರ್ಪಾಡೂ ಇದೆ. 1967ರಲ್ಲಿ ಪುಣೆಯಲ್ಲಿ ಶುರುವಾದ ಬಾಲಭಾರತಿ ಎಂಬ ಪಠ್ಯಪುಸ್ತಕ ಮಂಡಳಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಪುಸ್ತಕ ಅಚ್ಚುಹಾಕುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳ ಮಕ್ಕಳು ಅದನ್ನೇ ಓದುತ್ತಾರೆ. ಮುಂಬಯಿ ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಆದರೆ ನಮ್ಮ ನಿಮ್ಮ ಮಕ್ಕಳು ಅಲ್ಲಿಗೆ ಹೋಗುವುದಿಲ್ಲ ಎನ್ನುವುದು ಬೇರೆ ಕಥೆ. ನನ್ನ ಮಗಳೂ ಹೋಗಿದ್ದು ಇಂಗ್ಲಿಷ್ ಶಾಲೆಗೇ.

ಆದ್ದರಿಂದ ನನ್ನ ಭಾನುವಾರದ ಮಕ್ಕಳಿಗೆ ನಾನು ಪಟ್ಟಿ ಬರೆಸುವುದನ್ನು ಬಿಟ್ಟೆ. ಅವರ ಮರಾಠಿಯನ್ನೇ ಮೆಟ್ಟಿಲು ಮಾಡಿಕೊಂಡೆ. ಶಾಲೆಯಲ್ಲಿ ಅವರಿಗೆ 'ವಾಕ್‌ಪ್ರಚಾರ್', 'ಮ್ಹಣಿ' ಎಂದು ನುಡಿಗಟ್ಟು, ಗಾದೆಗಳ ಪಾಠ ಇದ್ದೇ ಇರುತ್ತದೆ. ಕುಣಿಯಲಾರದವಳಿಗೆ ಅಲ್ಲಿ ಅಂಗಳ ಡೊಂಕು, ಇಲ್ಲಿ ನೆಲ ಡೊಂಕು. ಕತ್ತೆಗೆ ಅಲ್ಲಿ ಬೆಲ್ಲದ ರುಚಿ ತಿಳಿಯದು, ಇಲ್ಲಿ ಕಸ್ತೂರಿಯ ಪರಿಮಳ ತಿಳಿಯದು. ಪಕ್ಕದವನು ಹೊಸ ಕಾರು ಕೊಂಡರೆ ಮರಾಠಿಯವನಿಗೆ ಹೊಟ್ಟೆ ನೋಯುತ್ತದೆ, ಕನ್ನಡದವನಿಗೆ ಹೊಟ್ಟೆ ಉರಿಯುತ್ತದೆ. ಯಾವುದು ಹೆಚ್ಚು ಅಪಾಯ ಎಂದು ಮಕ್ಕಳು ಅರ್ಧ ಗಂಟೆ ವಾದ ಮಾಡಿದರು. ನೋವಿಗೆ ಮಾತ್ರೆ ಇದೆ, ಉರಿಗೆ ಫೈರ್ ಬ್ರಿಗೇಡ್ ಬೇಕು ಎಂದು ಒಬ್ಬ ತೀರ್ಪು ಕೊಟ್ಟ! ಬ್ಯಾಂಕಿನ ಮಾತುಗಳನ್ನೂ ಹೇಳಿದೆ. ಎರಡು ವರ್ಷ ಯಾರೂ ಮುಟ್ಟದ ಖಾತೆ ಮಲಗುತ್ತದೆ, ಕೊಟ್ಟ ಸಾಲ ಮುಳುಗುತ್ತದೆ, ದುಡ್ಡು ನೀರಿನಂತೆ ಹರಿಯುತ್ತದೆ. ಮುಳುಗಿದ ಸಾಲವನ್ನು ಎತ್ತಲು ಈಜು ಬರಬೇಕಾ ಎಂದು ಕೇಳಿದರು. ಆರ್.ಬಿ.ಐ.ಗೆ ಬರೆದು ಕೇಳಬೇಕು.

ಗಡಿಯಾರದ ಪದ್ಯಕ್ಕೆ ಬಂದಾಗ ಊರಿನ ಮನೆಯಿಂದ ಒಂದು ಹಳೆಯ ಅಲಾರಾಂ ಗಡಿಯಾರ ತಂದು ಮೇಜಿನ ಮೇಲಿಟ್ಟೆ. ಒಬ್ಬೊಬ್ಬರಾಗಿ ಬಂದು ಅದರ ಕಿವಿ ಹಿಂಡಿ ಕೂಳು ಹಾಕಿದರು. ಆಮೇಲೆ, ನಿಮ್ಮ ಮನೆಯಲ್ಲಿ ಹೀಗೆ ದುಡಿಯುವ ಆಳು ಯಾರು, ಹೆಸರು ಹೇಳದೆ ನನಗೆ ಒಗಟು ಹೇಳಿ ಎಂದೆ. ಫ್ರಿಜ್ಜು, ಲಿಫ್ಟು, ಲೋಕಲ್ ಟ್ರೇನು ಎಲ್ಲ ಬಂದವು. ನಾಲ್ಕನೇ ಕ್ಲಾಸಿನ ಒಬ್ಬಳು ಬಹಳ ಹೊತ್ತು ಯೋಚಿಸಿ ಹೇಳಿದಳು: "ರಾತ್ರಿಯೆಲ್ಲ ಗೋಡೆಯ ಹಾಲು ಕುಡಿಯುತ್ತದೆ, ಹಗಲೆಲ್ಲ ಅಪ್ಪನ ಕಿವಿ ಕಚ್ಚುತ್ತದೆ."

ಮೊಬೈಲ್ ಎಂದು ಉಳಿದವರು ಒಟ್ಟಿಗೇ ಕೂಗಿದರು. ಕಿವಿ ಕಚ್ಚುವುದು ಎಂಬ ನುಡಿಗಟ್ಟು ಕನ್ನಡದಲ್ಲಿ ಮೊದಲೇ ಇದೆ ಎಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಅವತ್ತು ನಾನೂ ಹೇಳಲಿಲ್ಲ, ಮುಂದಿನ ಭಾನುವಾರ ಹೇಳಿದೆ.